ಟ್ಯೂಬು ಹಾಲಿನಂತೆ ಕದಡಿದೆ, ಪದರ ಬರುತ್ತಿಲ್ಲ: ಪೆಗ್-ಉಪ್ಪಿನ ಮಿಶ್ರಣ ಕೈಕೊಟ್ಟಾಗ ಎಲ್ಲೆಲ್ಲಿ ನೋಡಬೇಕು

ಟ್ಯೂಬಿನಲ್ಲಿ ಮೇಲೆ ನೀಲಿ, ಕೆಳಗೆ ತಿಳಿ, ನಡುವೆ ಕೂದಲೆಳೆಯಂಥ ಗೆರೆ. ಹೀಗೆ ಬರಬೇಕಿತ್ತು. ನನಗೆ ಬಂದದ್ದು ತೆಳು ನೀಲಿ ಬಣ್ಣದ ಹಾಲು. ಅರ್ಧ ಗಂಟೆ ಬಿಟ್ಟು ನೋಡಿದೆ, ಹಾಲು. ಊಟ ಮುಗಿಸಿ ಬಂದು ನೋಡಿದೆ, ಅದೇ ಹಾಲು. ತಣ್ಣಗಿದ್ದರೆ ಬೇಗ ಇಳಿದೀತು ಅಂತ ಫ್ರಿಜ್ಜಿನಲ್ಲಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಕದಡೆಲ್ಲ ಮಾಯ, ಟ್ಯೂಬಿನ ತುಂಬ ಒಂದೇ ನೀಲಿ ದ್ರವ, ಪದರದ ಸುಳಿವೇ ಇಲ್ಲ.

ಆ ಫ್ರಿಜ್ಜೇ ನನಗೆ ಉತ್ತರ ಹೇಳಿತ್ತು. ನನಗೆ ಕೇಳಿಸಲಿಲ್ಲ ಅಷ್ಟೆ. ಅದನ್ನು ಆಮೇಲೆ ಹೇಳುತ್ತೇನೆ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಪಾಲಿಎಥಿಲೀನ್ ಗ್ಲೈಕಾಲ್, ಲ್ಯಾಬಿನ ಬಾಯಲ್ಲಿ ಪೆಗ್ (ಹೊಸ ಹುಡುಗರು ಮೊದಲ ವಾರ ನಗುತ್ತಾರೆ, ಆಮೇಲೆ ಅಭ್ಯಾಸವಾಗುತ್ತದೆ), ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಪೊಟ್ಯಾಸಿಯಂ ಫಾಸ್ಫೇಟ್ ಕೂಡ ಚೆನ್ನಾಗಿ ಕರಗುತ್ತದೆ. ಎರಡನ್ನೂ ಸ್ವಲ್ಪ ಸ್ವಲ್ಪ ಒಂದೇ ನೀರಿಗೆ ಹಾಕಿದರೆ ತೊಂದರೆಯಿಲ್ಲ. ಒಂದು ಮಿತಿ ದಾಟಿದರೆ ಮಾತ್ರ ಇಬ್ಬರಿಗೂ ಆಗಿಬರುವುದಿಲ್ಲ: ಉಪ್ಪು ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಪೆಗ್ ಬೇರೆ ಮನೆ ಮಾಡುತ್ತದೆ. ಮೇಲೆ ಪೆಗ್ ಪದರ, ಕೆಳಗೆ ಉಪ್ಪಿನ ಪದರ. ಎರಡರಲ್ಲೂ ಬಹುಪಾಲು ನೀರೇ. ಎಣ್ಣೆ, ಸಾಲ್ವೆಂಟು ಏನೂ ಇಲ್ಲ, ಹಾಗಾಗಿ ಪ್ರೋಟೀನು ಸಾಯುವುದಿಲ್ಲ, ಇದೇ ಇದರ ಸೊಗಸು. 1896ರಲ್ಲೇ ಬೈಯರಿಂಕ್ ಎಂಬ ಡಚ್ ವಿಜ್ಞಾನಿ ಜೆಲಾಟಿನ್ ಮತ್ತು ಅಗರ್ ಬೆರೆಸಿ ಇಂಥ ಎರಡು ನೀರಿನ ಪದರಗಳನ್ನು ನೋಡಿದ್ದ. ಬೇಕಾದ್ದು ಒಂದು ಪದರಕ್ಕೆ, ಬೇಡದ್ದು ಇನ್ನೊಂದಕ್ಕೆ ಹೋಗುವ ಹಾಗೆ ಮಾಡಿ ಬೇರ್ಪಡಿಸುವ ಕೆಲಸಕ್ಕೆ ಇದನ್ನು ಹಚ್ಚಿದ್ದು 1950ರ ದಶಕದಲ್ಲಿ ಸ್ವೀಡನ್ನಿನ ಆಲ್ಬರ್ಟ್‌ಸನ್. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲೂ ಸ್ಪಿರುಲಿನಾ ಎಂಬ ಪಾಚಿಯ ನೀಲಿ, ಬೀಟ್‌ರೂಟಿನ ಬಣ್ಣ, ಅನಾನಸಿನ ಬ್ರೊಮೆಲೈನ್ ಎಂಬ ಕಿಣ್ವ ಇವನ್ನೆಲ್ಲ ಈ ದಾರಿಯಲ್ಲಿ ಬೇರ್ಪಡಿಸಿದ್ದಾರೆ.

ನಾನು ಮಾಡುತ್ತಿದ್ದದ್ದೂ ಸ್ಪಿರುಲಿನಾದ ನೀಲಿಯೇ, ಅಂದರೆ ಸಿ-ಫೈಕೋಸಯಾನಿನ್. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪ್ರೋಟೀನು ಇಲ್ಲ. ಎಲ್ಲಿ ಹೋಯಿತು ಅಂತ ಕಣ್ಣಿಗೇ ಕಾಣುತ್ತದೆ.

ಮೊದಲು ಟ್ಯೂಬನ್ನು ಕೈಯಲ್ಲಿ ಹಿಡಿಯಿರಿ

ನಿಜವಾಗಿಯೂ. ಪದರ ಬಾರದ ಟ್ಯೂಬನ್ನು ಮುಷ್ಟಿಯಲ್ಲಿ ಐದು ನಿಮಿಷ ಹಿಡಿದುಕೊಂಡು ನೋಡಿ. ತಿಳಿಯಾಗಿದ್ದದ್ದು ಕದಡಿದರೆ, ಅಥವಾ ಕದಡಿದ್ದು ಇನ್ನೂ ಗಾಢವಾಗಿ ಒಡೆಯಲು ಶುರುವಾದರೆ, ನಿಮ್ಮ ಮಿಶ್ರಣ ಮಿತಿಯ ಗೆರೆಯ ಪಕ್ಕದಲ್ಲೇ ಕೂತಿದೆ ಎಂದರ್ಥ. ಪೆಗ್-ಉಪ್ಪಿನ ಜೋಡಿಯ ಸ್ವಭಾವವೇ ಹಾಗೆ: ಬಿಸಿಯಾದಷ್ಟೂ ಪೆಗ್‌ಗೂ ನೀರಿಗೂ ಇರುವ ಹಿಡಿತ ಸಡಿಲವಾಗುತ್ತದೆ, ಪದರ ಬೇಗ ಬರುತ್ತದೆ. ತಣ್ಣಗಾದರೆ ಮತ್ತೆ ಬೆರೆತುಕೊಳ್ಳುತ್ತದೆ. ಉಪ್ಪಿನ ಬದಲು ಡೆಕ್ಸ್‌ಟ್ರಾನ್ ಎಂಬ ಸಕ್ಕರೆ ಸರಪಳಿ ಹಾಕುವ ಪೆಗ್-ಡೆಕ್ಸ್‌ಟ್ರಾನ್ ಜೋಡಿಯಲ್ಲಿ ಇದು ಉಲ್ಟಾ, ಅಲ್ಲಿ ತಂಪು ಒಳ್ಳೆಯದು. ನಾನು ಎಲ್ಲೋ ಡೆಕ್ಸ್‌ಟ್ರಾನ್ ಬಗ್ಗೆ ಓದಿದ್ದನ್ನು ತಲೆಯಲ್ಲಿಟ್ಟುಕೊಂಡು ಉಪ್ಪಿನ ಟ್ಯೂಬನ್ನು ಫ್ರಿಜ್ಜಿಗೆ ತಳ್ಳಿದ್ದೆ.

ಅಂದರೆ ರಾಯಚೂರಿನ ಮೇ ತಿಂಗಳಲ್ಲಿ ಎರಡು ಪದರ ಕೊಟ್ಟ ಮಿಶ್ರಣ ಬೆಂಗಳೂರಿನ ಡಿಸೆಂಬರಿನಲ್ಲಿ ಒಂದೇ ಪದರವಾಗಿ ಕೂರಬಹುದು. ಗೆರೆಯಿಂದ ದೂರ ಇದ್ದರೆ ಹೀಗಾಗುವುದಿಲ್ಲ. ಪಕ್ಕದಲ್ಲಿದ್ದರೆ ಆಗುತ್ತದೆ.

ಕೈ ಬಿಸಿಗೆ ಏನೂ ಬದಲಾಗದಿದ್ದರೆ 40 ಡಿಗ್ರಿಯ ನೀರಿನಲ್ಲಿ ಇಡಬಹುದು, ಆದರೆ ಪ್ರೋಟೀನು ಹಾಕದ ಖಾಲಿ ಮಿಶ್ರಣವನ್ನು. ಫೈಕೋಸಯಾನಿನ್ ಇದ್ದರೆ ಸುಮ್ನೆ ಬಿಸಿ ಮಾಡಲು ಹೋಗಬೇಡಿ, 50ರ ಹತ್ತಿರ ಹೋದರೆ ನೀಲಿ ಹೋಗಿ ಬೂದು ಬಣ್ಣ ಬರುತ್ತದೆ, ಆಮೇಲೆ ಯಾವ ಪದರಕ್ಕೂ ಅರ್ಥವಿಲ್ಲ.

ಗೆರೆ ಅಂದರೆ ಯಾವ ಗೆರೆ?

ಒಂದು ಹಾಳೆಯಲ್ಲಿ ಅಡ್ಡಕ್ಕೆ ಉಪ್ಪಿನ ಶೇಕಡಾ, ಉದ್ದಕ್ಕೆ ಪೆಗ್‌ನ ಶೇಕಡಾ ಬರೆಯಿರಿ. ಎಡಗಡೆ ಮೇಲಿಂದ ಬಲಗಡೆ ಕೆಳಕ್ಕೆ ಬಾಗುತ್ತ ಬರುವ ಒಂದು ಗೆರೆ, ಬೈನೋಡಲ್. ಗೆರೆಯ ಕೆಳಗೆ ಒಂದೇ ದ್ರವ, ಮೇಲೆ ಎರಡು ಪದರ. ನೀವು ತೂಗಿ ಹಾಕಿದ್ದು ಆ ಹಾಳೆಯ ಮೇಲೆ ಒಂದು ಚುಕ್ಕಿ. ಆ ಚುಕ್ಕಿಯ ಮೂಲಕ ಹಾದು ಎರಡೂ ಕಡೆ ಬೈನೋಡಲ್ ಮುಟ್ಟುವ ನೇರ ಗೀಟು ಟೈ ಲೈನ್. ಅದರ ಎರಡು ತುದಿಗಳೇ ನಿಮ್ಮ ಎರಡು ಪದರಗಳು. ಚುಕ್ಕಿ ಯಾವ ತುದಿಗೆ ಹತ್ತಿರವೋ ಆ ಪದರ ಜಾಸ್ತಿ. ಪೆಗ್ ತುದಿಗೆ ಹತ್ತಿರ ಇದ್ದರೆ ಮೇಲಿನ ಪದರ ದಪ್ಪ.

ನಾನು ನೋಡಿದ ಹೆಚ್ಚಿನ ದೋಷಗಳೆಲ್ಲ ಇಷ್ಟೇ: ಚುಕ್ಕಿ ಎಲ್ಲಿದೆ ಅಂದುಕೊಂಡಿದ್ದೀರೋ ಅಲ್ಲಿ ಇಲ್ಲ. ರಸಾಯನಶಾಸ್ತ್ರ ಸರಿಯಾಗೇ ಇರುತ್ತದೆ. ತಪ್ಪಿರುವುದು ತೂಕ, ಲೇಬಲ್ಲು, ಪಿಎಚ್.

ನನ್ನ ಟ್ಯೂಬಿನ ಲೆಕ್ಕ

ಬೇಕಿದ್ದದ್ದು 10 ಗ್ರಾಂ ಮಿಶ್ರಣ, ಪೆಗ್ 4000 (ಅಂಕಿ ಅಣುತೂಕದ್ದು, ದೊಡ್ಡದಾದಷ್ಟೂ ಅಣು ಉದ್ದ) ಶೇ. 14, ಪೊಟ್ಯಾಸಿಯಂ ಫಾಸ್ಫೇಟ್ ಶೇ. 12, ಪಿಎಚ್ 7. ಹತ್ತಿರ ಪೆಗ್‌ನ ಶೇ. 50ರ ಸ್ಟಾಕ್ (ಮೊದಲೇ ಮಾಡಿಟ್ಟ ಗಟ್ಟಿ ದ್ರಾವಣ) ಇತ್ತು, ಫಾಸ್ಫೇಟಿನ ಶೇ. 40ರ ಸ್ಟಾಕ್ ಇತ್ತು. ಹಾಗಾಗಿ ಪೆಗ್ ಸ್ಟಾಕ್ 2.8 ಗ್ರಾಂ, ಉಪ್ಪಿನ ಸ್ಟಾಕ್ 3.0 ಗ್ರಾಂ, ಸ್ಪಿರುಲಿನಾ ರಸ 3.0 ಗ್ರಾಂ, ನೀರು 1.2 ಗ್ರಾಂ. ಕೂಡಿದರೆ 10. ಲೆಕ್ಕ ಸರಿ. ಮೂರು ಸಲ ನೋಡಿದೆ, ಸರಿ.

ತಪ್ಪು ಸ್ಟಾಕಿನಲ್ಲಿತ್ತು. ಬಾಟಲಿಯ ಮೇಲೆ ಮಾರ್ಕರಿನಲ್ಲಿ "50%" ಅಂತ ಇತ್ತು. ಮಾಡಿದವರನ್ನು ಕೇಳಿದೆ, "ಹೇಗೆ ಮಾಡಿದ್ರಿ?" "50 ಗ್ರಾಂ ತೂಗಿ 100 ಮಿಲಿ ನೀರು ಹಾಕಿದೆ ಸರ್." ಅಲ್ಲಿಗೆ ಮುಗಿಯಿತು. 50 ಗ್ರಾಂಗೆ 100 ಮಿಲಿ ನೀರು ಹಾಕಿದರೆ ಒಟ್ಟು ತೂಕ 150 ಗ್ರಾಂ, ಪೆಗ್ ಶೇ. 33. ಉಪ್ಪಿನದೂ ಅದೇ ಕೈ: 40 ಗ್ರಾಂ, 100 ಮಿಲಿ ನೀರು, ಅಂದರೆ ಶೇ. 28.6. ಹಾಗಾದರೆ ನನ್ನ ಟ್ಯೂಬಿನಲ್ಲಿ ಇದ್ದದ್ದು ಪೆಗ್ ಶೇ. 9.3, ಫಾಸ್ಫೇಟ್ ಶೇ. 8.6. 14 ಮತ್ತು 12ರಲ್ಲಿ ಗೆರೆಯಿಂದ ಆರಾಮಾಗಿ ದೂರ ಇರಬೇಕಿದ್ದ ಚುಕ್ಕಿ ಗೆರೆಯ ಹತ್ತಿರಕ್ಕೆ ಜಾರಿ ಬಿದ್ದಿತ್ತು. ಕೋಣೆಯ ಬಿಸಿಗೆ ಹಾಲು, ಫ್ರಿಜ್ಜಿನ ತಂಪಿಗೆ ತಿಳಿ.

ಬೈಯುವ ಹಾಗಿಲ್ಲ. ನಾನೂ ಒಂದು ಕಾಲದಲ್ಲಿ ಹಾಗೇ ಮಾಡಿದವನು. 50 ಗ್ರಾಂ ತೂಗಿ ಒಟ್ಟು 100 ಮಿಲಿಗೆ ತುಂಬಿಸಿದರೂ ಪೂರಾ ಸರಿಯಲ್ಲ, ಆ ದ್ರಾವಣ ನೀರಿಗಿಂತ ತೂಕ ಜಾಸ್ತಿ ಇರುವುದರಿಂದ ತೂಕದ ಲೆಕ್ಕಕ್ಕೆ ಶೇ. 46ರ ಆಸುಪಾಸು ಬರುತ್ತದೆ. ಈ ಕೆಲಸದಲ್ಲಿ ಎಲ್ಲವೂ ತೂಕಕ್ಕೆ ತೂಕ: 50 ಗ್ರಾಂ ಪೆಗ್, 50 ಗ್ರಾಂ ನೀರು. ಬಾಟಲಿಯ ಮೇಲೂ ಹಾಗೆಂದೇ ಬರೆಯಿರಿ. ಟ್ಯೂಬಿಗೆ ಹಾಕುವಾಗಲೂ ಪಿಪೆಟ್ಟಿನ ಅಂಕಿ ನಂಬಬೇಡಿ. ಪೆಗ್ ಸ್ಟಾಕ್ ಜೋನಿಬೆಲ್ಲದ ಹಾಗಿರುತ್ತದೆ, ತುದಿಯ ಒಳಗೆ ಅಂಟಿಕೊಂಡು ಅರ್ಧ ಅಲ್ಲೇ ಉಳಿಯುತ್ತದೆ. ಟ್ಯೂಬನ್ನು ಬ್ಯಾಲೆನ್ಸ್ ಮೇಲಿಟ್ಟು ಸೊನ್ನೆ ಮಾಡಿ, ಒಂದೊಂದನ್ನೇ ಸುರಿದು ತೂಗಿ.

ಟ್ಯೂಬನ್ನು ಚೆಲ್ಲಬೇಕಾಗಲಿಲ್ಲ. ಸರಿಯಾಗಿ ಮಾಡಿದ ಶೇ. 40ರ ಉಪ್ಪಿನ ಸ್ಟಾಕ್ 1 ಗ್ರಾಂ ಹಾಕಿದೆ. ಈಗ 11 ಗ್ರಾಂನಲ್ಲಿ ಉಪ್ಪು ಶೇ. 11.4, ಪೆಗ್ ಶೇ. 8.5. ನಿಧಾನವಾಗಿ ಇಪ್ಪತ್ತು ಸಲ ಮೇಲೆ ಕೆಳಗೆ ಮಾಡಿ ಸ್ಟ್ಯಾಂಡಿನಲ್ಲಿಟ್ಟೆ. ಮೊದಲು ಹಾಲಿನೊಳಗೆ ಗೀರು ಗೀರಾಗಿ ಎಳೆಗಳು ಕಂಡವು, ಆಮೇಲೆ ತಳದಲ್ಲಿ ಒಂದು ಬೆರಳಿನಷ್ಟು ತಿಳಿಯಾಯಿತು, ಆ ತಿಳಿ ಮೇಲಕ್ಕೆ ಏರುತ್ತ ಹೋಯಿತು, ಕೊನೆಗೆ ನೀಲಿಯೆಲ್ಲ ಮೇಲೆ ಒತ್ತಿ ಕೂತಿತು. ಪೆಗ್ ಕಮ್ಮಿ ಇದ್ದದ್ದರಿಂದ ಮೇಲಿನ ಪದರ ತೆಳು. ಪರವಾಗಿಲ್ಲ, ಬಣ್ಣ ಗಾಢವಾಗಿತ್ತು.

ಉಪ್ಪಿನ ಡಬ್ಬಿಯ ಲೇಬಲ್ಲು

ಸ್ಟಾಕ್ ಸರಿಯಾಗೇ ತೂಗಿದ್ದರೂ ಪದರ ಬಾರದಿದ್ದರೆ ಡಬ್ಬಿಯ ಲೇಬಲ್ಲನ್ನು ಪೂರ್ತಿ ಓದಿ. ಹೆಸರಿನ ಕೊನೆಗೆ ಟ್ರೈಹೈಡ್ರೇಟ್, ಡೈಹೈಡ್ರೇಟ್ ಅಂತ ಇದ್ದರೆ ನೀವು ಉಪ್ಪಿನ ಜೊತೆ ನೀರನ್ನೂ ತೂಗಿದ್ದೀರಿ. ಡೈಪೊಟ್ಯಾಸಿಯಂ ಫಾಸ್ಫೇಟ್ ಟ್ರೈಹೈಡ್ರೇಟ್ 100 ಗ್ರಾಂ ತೂಗಿದರೆ ಉಪ್ಪು 76 ಗ್ರಾಂ ಮಾತ್ರ. ಟ್ರೈಸೋಡಿಯಂ ಸಿಟ್ರೇಟ್ ಡೈಹೈಡ್ರೇಟಿನಲ್ಲಿ 88. ಮೆಗ್ನೀಸಿಯಂ ಸಲ್ಫೇಟ್ ಹೆಪ್ಟಾಹೈಡ್ರೇಟಿನಲ್ಲಿ 49, ಅಂದರೆ ಅರ್ಧಕ್ಕರ್ಧ ನೀರು. ಸೋಡಿಯಂ ಸಲ್ಫೇಟಿನ ಡೆಕಾಹೈಡ್ರೇಟಿನಲ್ಲಿ 44. ಹಳೇ ಡಬ್ಬಿ ಮುಗಿದು ಹೊಸ ಡಬ್ಬಿ ಬಂದ ದಿನವೇ ಪ್ರಯೋಗ ಕೆಟ್ಟರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಡೈಪೊಟ್ಯಾಸಿಯಂ ಫಾಸ್ಫೇಟ್ ತಾನೇ ನೀರು ಹೀರಿಕೊಂಡು ಗಟ್ಟಿಯಾಗುತ್ತದೆ. ಅದನ್ನು ತೂಗುವ ಮುಂಚೆ ಒಣಗಿಸಲೇಬೇಕು.

ಇನ್ನೊಂದು: ಯಾವ ಉಪ್ಪಾದರೂ ಆಗುವುದಿಲ್ಲ. ಫಾಸ್ಫೇಟ್, ಸಲ್ಫೇಟ್, ಸಿಟ್ರೇಟ್ ಇವು ನೀರನ್ನು ಗಟ್ಟಿಯಾಗಿ ಹಿಡಿಯುವ ಜಾತಿ. ಅಡುಗೆ ಉಪ್ಪು ಹಾಗಲ್ಲ. ಕೋಣೆಯ ಬಿಸಿಯಲ್ಲಿ ಪೆಗ್‌ಗೆ ಬರೀ ಸೋಡಿಯಂ ಕ್ಲೋರೈಡ್ ಹಾಕಿ ಪದರಕ್ಕೆ ಕಾಯುವುದು ವ್ಯರ್ಥ.

ಪಿಎಚ್ ಸದ್ದಿಲ್ಲದೆ ಗೆರೆಯನ್ನು ಸರಿಸುತ್ತದೆ

ಫಾಸ್ಫೇಟ್ ಎರಡು ವೇಷದಲ್ಲಿರುತ್ತದೆ, ಒಂದು ಚಾರ್ಜಿನದು, ಎರಡು ಚಾರ್ಜಿನದು. ಪಿಎಚ್ 7.2ರ ಹತ್ತಿರ ಎರಡೂ ಅರ್ಧರ್ಧ. ಪೆಗ್ಗನ್ನು ಹೊರಗೆ ತಳ್ಳುವ ಶಕ್ತಿ ಎರಡು ಚಾರ್ಜಿನದಕ್ಕೆ ಜಾಸ್ತಿ. ಹಾಗಾಗಿ ಪಿಎಚ್ 8ರಲ್ಲಿ ಕಮ್ಮಿ ಉಪ್ಪಿಗೇ ಪದರ ಬರುತ್ತದೆ, 6ಕ್ಕೆ ಇಳಿಸಿದರೆ ಅದೇ ತೂಕ ಸಾಲದೆ ಹೋಗಬಹುದು. ಫೈಕೋಸಯಾನಿನ್ ಪಿಎಚ್ 6ರ ಹತ್ತಿರ ಚೆನ್ನಾಗಿ ಉಳಿಯುತ್ತದೆ ಅಂತ ಪಿಎಚ್ ಇಳಿಸಿ, ಉಪ್ಪಿನ ತೂಕ ಬದಲಿಸದೆ, "ನಿನ್ನೆ ಬಂದಿತ್ತಲ್ಲ" ಅಂತ ತಲೆ ಕೆರೆದುಕೊಳ್ಳುವವರಿದ್ದಾರೆ. ಪಿಎಚ್ ಬದಲಾದರೆ ಬೈನೋಡಲ್ ಕೂಡ ಬೇರೆ, ಹಳೇ ಹಾಳೆ ನಡೆಯುವುದಿಲ್ಲ. ಸ್ಟಾಕಿನ ಪಿಎಚ್ ನೋಡಿ ಸುಮ್ಮನಾಗದೆ ಬೆರೆಸಿದ ಮೇಲೆ ಕೆಳಗಿನ ಪದರದ ಪಿಎಚ್ಚನ್ನೂ ಒಮ್ಮೆ ನೋಡಿ.

ಅಮೋನಿಯಂ ಸಲ್ಫೇಟ್ ಬಳಸುವವರು ಪಿಎಚ್ಚನ್ನು 8ರ ಮೇಲೆ ಏರಿಸಿದರೆ ಮೂಗೇ ಹೇಳುತ್ತದೆ, ಅಮೋನಿಯಾ ಹೊರಗೆ ಬರುತ್ತಿದೆ ಅಂತ.

ಕದಡು ಅನ್ನುವುದೆಲ್ಲ ಪದರವಲ್ಲ

ಇದು ಹೊಸಬರಿಗೆ ಜಾಸ್ತಿ ಕೈಕೊಡುವ ಜಾಗ. ಬಿಳಿಯಾಗಿ ಕದಡಿದೆ ಅಂದರೆ ಅದು ಪೆಗ್ ಪದರದ ಹನಿಗಳಿರಬಹುದು, ಹರಳಿರಬಹುದು, ಸತ್ತ ಪ್ರೋಟೀನಿರಬಹುದು. ಸೆಂಟ್ರಿಫ್ಯೂಜಿನಲ್ಲಿ ಐದು ನಿಮಿಷ ತಿರುಗಿಸಿ. ಎರಡು ದ್ರವ ಬಂದರೆ ಹನಿಗಳು. ತಳದಲ್ಲಿ ಗಸಿ ಕೂತರೆ ಗಸಿಯ ಮೇಲೆ ಒಂದೆರಡು ಹನಿ ನೀರು ಬಿಟ್ಟು ನೋಡಿ. ತಕ್ಷಣ ಕರಗಿದರೆ ಉಪ್ಪಿನ ಹರಳು. ಕರಗದ ಬಿಳಿ ಹುಡಿಯಾದರೆ ನಿಮ್ಮ ನೀರನ್ನು ಅನುಮಾನಿಸಿ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಇರುತ್ತದೆ, ಫಾಸ್ಫೇಟ್ ಸಿಕ್ಕ ಕೂಡಲೇ ಕ್ಯಾಲ್ಸಿಯಂ ಫಾಸ್ಫೇಟಾಗಿ ಕೂರುತ್ತದೆ. ಡಿಸ್ಟಿಲ್ಡ್ ವಾಟರ್ ಖಾಲಿಯಾದ ದಿನ ಯಾರೋ ನಲ್ಲಿ ನೀರು ತುಂಬಿಸಿಟ್ಟಿರುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ.

ಜೀವಕೋಶ ಒಡೆಯಲು ಎಸ್‌ಡಿಎಸ್ ಎಂಬ ಸಾಬೂನಿನಂಥ ವಸ್ತು ಹಾಕಿದ್ದೀರಾ? ಪೊಟ್ಯಾಸಿಯಂ ಜೊತೆ ಅದು ಬಿಳಿ ಗಸಿಯಾಗುತ್ತದೆ. ಅದಕ್ಕೆ ಮದ್ದಿಲ್ಲ, ಸೋಡಿಯಂ ಉಪ್ಪಿಗೆ ಹೋಗಬೇಕು ಅಥವಾ ಎಸ್‌ಡಿಎಸ್ ಬಿಡಬೇಕು.

ಸೋಡಿಯಂ ಸಲ್ಫೇಟ್ ಬಳಸುವವರಿಗೆ ಒಂದು ಎಚ್ಚರಿಕೆ: ಅದು ತಂಪಿಗೆ ಕರಗುವುದೇ ಇಲ್ಲ ಅನ್ನಬಹುದು. 30 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ 40 ಗ್ರಾಂ ಹಿಡಿದದ್ದು 10 ಡಿಗ್ರಿಯಲ್ಲಿ 9 ಗ್ರಾಂಗೆ ಇಳಿಯುತ್ತದೆ. ಕೋಲ್ಡ್ ರೂಮಿನಲ್ಲಿ ರಾತ್ರಿಯಿಟ್ಟ ಟ್ಯೂಬಿನಲ್ಲಿ ಬೆಳಿಗ್ಗೆ ಗಾಜಿನ ಸೂಜಿಗಳ ಹಾಗೆ ಹರಳು ಬೆಳೆದಿರುತ್ತದೆ. ನೋಡಲು ಚೆಂದ, ಆದರೆ ಉಪ್ಪು ಹರಳಿಗೆ ಹೋದಷ್ಟೂ ನಿಮ್ಮ ಚುಕ್ಕಿ ಗೆರೆಯ ಕಡೆ ಸರಿದಿರುತ್ತದೆ.

ಪದರ ಬರುತ್ತದೆ, ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ

ಟ್ಯೂಬನ್ನು ಬೆಳಕಿಗೆ ಹಿಡಿದು ಲೆನ್ಸಿನಲ್ಲಿ ನೋಡಿ. ಹನಿಗಳು ಕೆಳಗೆ ಇಳಿಯುತ್ತಿವೆಯೋ, ಮೇಲೆ ಏರುತ್ತಿವೆಯೋ? ಇಳಿಯುತ್ತಿದ್ದರೆ ಪೆಗ್ ಸುತ್ತ ಇದೆ, ಉಪ್ಪಿನ ಹನಿಗಳು ಅದರೊಳಗೆ ದಾರಿ ಮಾಡಿಕೊಂಡು ಬೀಳುತ್ತಿವೆ. ಪೆಗ್ ಪದರ ಮಂದ, ಹಾಗಾಗಿ ನಿಧಾನ. ಏರುತ್ತಿದ್ದರೆ ಉಪ್ಪಿನ ನೀರು ಸುತ್ತ ಇದೆ, ಪೆಗ್ ಹನಿ ತಿಳಿನೀರಿನಲ್ಲಿ ಏರಿದ ಹಾಗೆ ಬೇಗ ಏರುತ್ತದೆ. ಮೊದಲನೆಯದಾದರೆ ಚುಕ್ಕಿಯನ್ನು ಅದೇ ಟೈ ಲೈನಿನ ಮೇಲೆ ಉಪ್ಪಿನ ತುದಿಯ ಕಡೆ ಸರಿಸಿ. ಪದರಗಳ ಗುಣ ಬದಲಾಗುವುದಿಲ್ಲ, ಕೆಳಗಿನ ಪದರ ಮಾತ್ರ ದಪ್ಪವಾಗಿ ಕೆಲಸ ಬೇಗ ಮುಗಿಯುತ್ತದೆ. ಗೆರೆಗೆ ತೀರಾ ಹತ್ತಿರ ಇದ್ದರೂ ನಿಧಾನವೇ, ಎರಡು ಪದರಗಳ ಸಾಂದ್ರತೆಯ ವ್ಯತ್ಯಾಸ ಅಷ್ಟು ಕಮ್ಮಿ ಇರುತ್ತದೆ. ಸೆಂಟ್ರಿಫ್ಯೂಜ್ ಇದ್ದರೆ ತಲೆಬಿಸಿ ಇಲ್ಲ. ದೊಡ್ಡ ಪಾತ್ರೆಯಲ್ಲಿ ಮಾಡುವವರಿಗೆ ಇದು ನಿಜವಾದ ಕಷ್ಟ, ಮೈಸೂರಿನಲ್ಲೇ ಶಬ್ದದ ಅಲೆ, ಮೈಕ್ರೋವೇವ್ ಹಾಯಿಸಿ ಪದರ ಬೇಗ ಬೇರೆಯಾಗುವ ಹಾಗೆ ಮಾಡಿ ನೋಡಿದ್ದಾರೆ.

ಮತ್ತೆ, ಜೋರಾಗಿ ಕುಲುಕಬೇಡಿ. ಮೊಸರು ಕಡೆದ ಹಾಗೆ ಕಡೆದರೆ ನೊರೆ ಬರುತ್ತದೆ, ಹನಿಗಳು ಸಣ್ಣಗಾಗಿ ಒಂದಕ್ಕೊಂದು ಸೇರುವುದೇ ಇಲ್ಲ.

ನಡುವೆ ಕೆನೆ ಕಟ್ಟಿದೆ

ಎರಡು ಪದರದ ಮಧ್ಯೆ ನೀಲಿ-ಹಸಿರು ಚರ್ಮದಂಥದ್ದು ಕೂತಿದ್ದರೆ, ಹಸಿರು ಭಾಗ ಒಡೆದ ಕೋಶದ ಚೂರುಗಳು, ಅವು ಅಲ್ಲಿ ಕೂರುವುದು ಮಾಮೂಲು, ಒಳ್ಳೆಯದೇ. ನೀಲಿಯೇ ಅಲ್ಲಿ ಸಿಕ್ಕಿಕೊಂಡಿದ್ದರೆ ತೊಂದರೆ. ಸ್ವಲ್ಪ ಕೆನೆಯನ್ನು ತೆಗೆದು ನೀರಿಗೆ ಹಾಕಿ. ಕರಗಿ ನೀಲಿಯಾದರೆ ಪ್ರೋಟೀನು ಚೆನ್ನಾಗೇ ಇದೆ, ಪದರದಲ್ಲಿ ಜಾಗ ಸಾಲದೆ ಹೊರಬಿದ್ದಿದೆ: ರಸ ಕಮ್ಮಿ ಹಾಕಿ, ಅಥವಾ ಪೆಗ್ ಮತ್ತು ಉಪ್ಪು ಎರಡನ್ನೂ ಸ್ವಲ್ಪ ಇಳಿಸಿ. ಪೆಗ್‌ನ ಅಣು ಉದ್ದವಾದಷ್ಟೂ ಪ್ರೋಟೀನಿಗೆ ಜಾಗ ಕಮ್ಮಿ, 6000 ಬಳಸುತ್ತಿದ್ದರೆ 4000ಕ್ಕೆ ಬನ್ನಿ. ಆದರೆ ಸಣ್ಣ ಪೆಗ್‌ಗೆ ಗೆರೆ ಮೇಲಿರುತ್ತದೆ, ಇನ್ನೂ ಜಾಸ್ತಿ ತೂಕ ಬೇಕಾಗುತ್ತದೆ. ಒಂದು ಕೊಟ್ಟು ಒಂದು ತಗೊಳ್ಳುವ ವ್ಯವಹಾರ. ಕೆನೆ ನೀರಿನಲ್ಲೂ ಕರಗದಿದ್ದರೆ ಪ್ರೋಟೀನು ಹಾಳಾಗಿದೆ. ಉಪ್ಪನ್ನು ಪುಡಿಯಾಗಿಯೇ ಮೇಲಿಂದ ಸುರಿದಿದ್ದೀರಾ ಯೋಚಿಸಿ. ಪುಡಿ ಬಿದ್ದ ಜಾಗದಲ್ಲಿ ಉಪ್ಪು ವಿಪರೀತವಾಗಿ ಪ್ರೋಟೀನು ಅಲ್ಲೇ ಗಂಟು ಕಟ್ಟುತ್ತದೆ. ಪೆಗ್, ಉಪ್ಪಿನ ಸ್ಟಾಕ್, ನೀರು ಬೆರೆಸಿ, ರಸವನ್ನು ಕೊನೆಗೆ ಹಾಕಿ.

ಪದರ ಚೆನ್ನಾಗಿದೆ, ಅಂಕಿ ಮಾತ್ರ ಕೆಟ್ಟದಾಗಿದೆ

ಅಳೆಯುವ ತಪ್ಪುಗಳು. ಫೈಕೋಸಯಾನಿನ್ ಶುದ್ಧವೋ ಅಂತ ನೋಡಲು 620 ನ್ಯಾನೋಮೀಟರಿನ ಬೆಳಕನ್ನು ಎಷ್ಟು ಹೀರಿತು ಎಂಬ ಓದನ್ನು 280ರ ಓದಿನಿಂದ ಭಾಗಿಸುತ್ತೇವೆ, 0.7 ಬಂದರೆ ತಿನಿಸಿನ ಬಣ್ಣಕ್ಕೆ ಸಾಕು ಅನ್ನುತ್ತಾರೆ, 4 ದಾಟಿದರೆ ಬಲು ಶುದ್ಧ. ಸ್ಯಾಂಪಲ್ಲಿನಲ್ಲಿ ಚೂರು ಕದಡು ಇದ್ದರೂ ಬೆಳಕು ಚದುರಿ 280ರ ಓದು ಉಬ್ಬುತ್ತದೆ, ಭಾಗಿಸಿದ ಅಂಕಿ ಬಿದ್ದುಹೋಗುತ್ತದೆ. ಆ ಕದಡು ಎಲ್ಲಿಂದ ಬರುತ್ತದೆ ಗೊತ್ತಾ? ಮೇಲಿನ ಪದರವನ್ನು ಫಾಸ್ಫೇಟ್ ಬಫರಿನಲ್ಲಿ (ಪಿಎಚ್ ಕಾಯುವ ಫಾಸ್ಫೇಟ್ ದ್ರಾವಣದಲ್ಲಿ) ತೆಳು ಮಾಡಿದ್ದರಿಂದ. ಬಫರ್ ಗಟ್ಟಿಯಾಗಿದ್ದರೆ ಸ್ಯಾಂಪಲ್ ಹಾಕಿ ಯಂತ್ರಕ್ಕಿಡುವ ಪುಟ್ಟ ಪಾತ್ರೆಯ, ಅಂದರೆ ಕ್ಯುವೆಟ್ಟಿನ, ಒಳಗೇ ಮತ್ತೆ ಎರಡು ಪದರ ಹುಟ್ಟುತ್ತದೆ. ಒಂದು ಮಧ್ಯಾಹ್ನ ಪೂರ್ತಿ ನಾನು ಯಂತ್ರದ ಬಲ್ಬು ಹೋಗಿದೆ ಅಂದುಕೊಂಡಿದ್ದೆ. ಕ್ಯುವೆಟ್ಟನ್ನು ಕಿಟಕಿಗೆ ಹಿಡಿದಾಗ ಒಳಗೆ ಹೊಗೆಯ ಹಾಗೆ ಎಳೆ ಆಡುತ್ತಿತ್ತು. ಬರೀ ನೀರಿನಲ್ಲೋ ತೀರಾ ತೆಳು ಬಫರಿನಲ್ಲೋ ತೆಳು ಮಾಡಿ.

ಪ್ರೋಟೀನು ಎಷ್ಟಿದೆ ಅಂತ ಅಳೆಯಲು ಬ್ರಾಡ್‌ಫರ್ಡ್ ಪರೀಕ್ಷೆ ಮಾಡುವವರು ಬ್ಲ್ಯಾಂಕಿಗೆ (ಯಂತ್ರವನ್ನು ಸೊನ್ನೆ ಮಾಡಲು) ನೀರು ಇಡಬೇಡಿ. ಪ್ರೋಟೀನು ಹಾಕದ ಒಂದು ಟ್ಯೂಬನ್ನು ಅದೇ ತೂಕದಲ್ಲಿ ಮಾಡಿ, ಅದರ ಮೇಲಿನ ಪದರವನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಬ್ಲ್ಯಾಂಕ್ ಮಾಡಿ. ಅದೇ ಕೆಲಸದ ಬಿಸಿಎ ಪರೀಕ್ಷೆ ಆದರೆ ಅಮೋನಿಯಂ ಸಲ್ಫೇಟ್ ಅದನ್ನು ಕೆಡಿಸುತ್ತದೆ, ಆ ಜೋಡಿಗೆ ಬಿಸಿಎ ಬೇಡವೇ ಬೇಡ.

ಪದರ ತೆಗೆಯುವಾಗ ಮೇಲಿನದನ್ನು ಪಿಪೆಟ್ಟಿನಲ್ಲಿ ಮೇಲಿಂದಲೇ ಎಳೆಯಿರಿ, ಪದರಗಳ ನಡುವಿನ ಗೆರೆಯ ಹತ್ತಿರ ಒಂದೆರಡು ಮಿಲಿಮೀಟರ್ ಬಿಟ್ಟುಬಿಡಿ, ಆಸೆ ಪಡಬೇಡಿ. ಕೆಳಗಿನದಕ್ಕೆ ಉದ್ದ ಸೂಜಿಯ ಸಿರಿಂಜು ಒಳ್ಳೆಯದು, ಮೇಲಿನ ಪದರ ದಾಟುವಾಗ ಗಾಳಿಯನ್ನು ಮೆಲ್ಲಗೆ ಗುಳ್ಳೆಗುಳ್ಳೆಯಾಗಿ ಬಿಡುತ್ತ ಹೋದರೆ ಪೆಗ್ ಸೂಜಿಯೊಳಗೆ ನುಗ್ಗುವುದಿಲ್ಲ. ಹೊರಗೆ ತೆಗೆದ ಮೇಲೆ ಸೂಜಿಯ ಹೊರಮೈಗೆ ನೀಲಿ ಅಂಟಿರುತ್ತದೆ, ಟಿಶ್ಯೂನಲ್ಲಿ ಒರೆಸಿ ಆಮೇಲೆ ಖಾಲಿ ಮಾಡಿ. ಒರೆಸದೆ ಬಿಟ್ಟ ಆ ಒಂದು ಹನಿ ನೀಲಿಯಿಂದ ಕೆಳಗಿನ ಪದರದ ಓದು ಎರಡರಷ್ಟಾದದ್ದನ್ನು ನೋಡಿದ್ದೇನೆ.